ಮೋಟಾರು ಪ್ರೇಮಿಗಳ ವಾದವೂ ನ್ಯೂಟನ್ನನ ನಿಯಮವೂ

ಮೋಟಾರು ಕಾರನ್ನು ಕುರಿತು ವಾದಿಸುವವರ ಉತ್ಸಾಹ ಸಂಗೀತವನ್ನು ಕುರಿತು ವಾದಿಸುವವರ ಉತ್ಸಾಹಕ್ಕೆ ಏನೂ ಕಡಮೆಯಲ್ಲ. ಅಲ್ಲಿಯೂ ಘರಾನೆಗಳಿವೆ, ಗುರುಪರಂಪರೆಯಿದೆ, ಬೇರೆ ಮತವನ್ನು ಕೇಳಿದೊಡನೆ ಕೆರಳುವ ನಿಷ್ಠೆಯಿದೆ. ಅಂಬಾಸಡರ್ ಹೆಚ್ಚೋ ಫಿಯಟ್ ಹೆಚ್ಚೋ ಎಂಬ ಜಿಜ್ಞಾಸೆ ನಡೆಯದ ಮಧ್ಯಮ ವರ್ಗದ ಪಡಸಾಲೆ ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಅಪರೂಪವಾಗಿತ್ತು. ಕಾರು ಕೊಳ್ಳುವ ಶಕ್ತಿ ಇದ್ದವರಿಗಿಂತ ಇಲ್ಲದವರೇ ಈ ಚರ್ಚೆಯಲ್ಲಿ ಹೆಚ್ಚು ಕಟ್ಟುನಿಟ್ಟು. ಫಿಯಟ್ಟಿನ ವಂಶದ ಪದ್ಮಿನಿ ಈ ಶತಮಾನದ ಆರಂಭಕ್ಕೆ ಮರೆಯಾಯಿತು. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ವಾದ ಮಾತ್ರ ನಿಂತಿಲ್ಲ. ಗಾಡಿಗಳ ಹೆಸರು ಬದಲಾಗಿದೆ, ಅಷ್ಟೆ.

ಈ ವಾದಗಳನ್ನು ನಾನು ಆಸೆಯಿಂದ ಕೇಳುವವನು. ಅವುಗಳಲ್ಲಿ ಅನುಭವವಿರುತ್ತದೆ, ಸೂಕ್ಷ್ಮವಾದ ಗಮನಿಕೆಯಿರುತ್ತದೆ. ಆದರೆ ಬಿಸಿಯೇರಿದಂತೆಲ್ಲ ವಾದದಲ್ಲಿ ಸಂಗತಿಗಳು ಹಿಂದೆ ಸರಿದು ವಿಶೇಷಣಗಳು ಮುಂದೆ ಬರುತ್ತವೆ. ಒಂದು ಗಾಡಿ ‘ಗಟ್ಟಿ’, ಇನ್ನೊಂದು ‘ಚುರುಕು’, ಮತ್ತೊಂದು ‘ನೆಲಕ್ಕೆ ಅಂಟಿಕೊಂಡು’ ಓಡುತ್ತದೆ. ಕಾವ್ಯ ವಿಮರ್ಶೆ ಮಾಡುವ ನಮಗೆ ಈ ರೋಗದ ಪರಿಚಯ ಚೆನ್ನಾಗಿಯೇ ಇದೆ. ಹಾಗಾದರೆ ಓಡುವ ಗಾಡಿಯನ್ನು ಕುರಿತು ನಿಖರವಾಗಿಯೂ ರಸವತ್ತಾಗಿಯೂ ಬರೆಯುವುದು ಸಾಧ್ಯವೆ? ಸಾಧ್ಯವೆಂದು ತೋರಿಸುವ ಎರಡು ಇಂಗ್ಲಿಷ್ ಪುಸ್ತಕಗಳಿವೆ. ಒಂದು, ಇಂಗ್ಲೆಂಡಿನ ಡೆನಿಸ್ ಜೆಂಕಿನ್ಸನ್ 1958ರಲ್ಲಿ ಪ್ರಕಟಿಸಿದ ‘ದಿ ರೇಸಿಂಗ್ ಡ್ರೈವರ್’. ಇನ್ನೊಂದು, ಅಮೆರಿಕದ ರಾಲ್ಫ್ ನೇಡರ್ 1965ರಲ್ಲಿ ಹೊರತಂದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’. ಮೊದಲನೆಯದು ವೇಗದ ಭಕ್ತನ ಬರೆಹ. ಎರಡನೆಯದು ವೇಗವನ್ನು ಕಟಕಟೆಗೆ ತಂದು ನಿಲ್ಲಿಸಿದ ವಕೀಲನದು. ಮೊದಲನೆಯದನ್ನು ಮೆಚ್ಚುವವರು ಎರಡನೆಯದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ಎರಡನ್ನೂ ಒಟ್ಟಿಗಿಟ್ಟು ಓದಬೇಕೆಂಬುದು ನನ್ನ ಸೂಚನೆ.

ಓದುವುದಕ್ಕೆ ಮುಂಚೆ ಸ್ವಲ್ಪ ಭೌತಶಾಸ್ತ್ರ ಬೇಕು, ಹೆಚ್ಚೇನೂ ಬೇಡ. ತಿರುವಿನಲ್ಲಿ ಯಾವುದೋ ಶಕ್ತಿ ಗಾಡಿಯನ್ನು ಹೊರಕ್ಕೆ ಎಸೆಯುತ್ತದೆಂದು ಮೋಟಾರು ಪ್ರೇಮಿಗಳಲ್ಲಿ ಬಹುಮಂದಿ ಹೇಳುತ್ತಾರೆ. ಒಳಗೆ ಕುಳಿತವನಿಗೆ ಹಾಗೆ ಅನ್ನಿಸುವುದೂ ನಿಜ. ಭುಜ ಹೋಗಿ ಬಾಗಿಲಿಗೆ ಒತ್ತುತ್ತದೆ. ಆದರೆ ರಸ್ತೆಯ ಬದಿಯಲ್ಲಿ ನಿಂತು ನೋಡುವವನ ಕಣ್ಣಿಗೆ ನಡೆಯುವುದೇ ಬೇರೆ. ಚಲಿಸುವ ವಸ್ತು ತನ್ನಷ್ಟಕ್ಕೆ ನೇರವಾಗಿ ಹೋಗುತ್ತಲೇ ಇರುತ್ತದೆಂದು ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ದಲ್ಲಿ ಬರೆದಿಟ್ಟ. ಗಾಡಿಗೂ ಅದರಲ್ಲಿ ಕುಳಿತವನಿಗೂ ಇರುವುದು ಅದೊಂದೇ ಹಟ. ಆ ಹಟವನ್ನು ಮುರಿದು ಗಾಡಿಯನ್ನು ವೃತ್ತದ ಕೇಂದ್ರದ ಕಡೆಗೆ ಎಳೆಯುವುದು ಚಕ್ರದ ರಬ್ಬರಿಗೂ ನೆಲಕ್ಕೂ ನಡುವಣ ಘರ್ಷಣೆ. ಅಂಗೈಯಗಲದ ನಾಲ್ಕು ತೇಪೆಗಳು ನೆಲವನ್ನು ಮುಟ್ಟುತ್ತಿರುತ್ತವೆ. ಇಡೀ ಸಂಸಾರ ಆ ನಾಲ್ಕು ತೇಪೆಗಳ ಮೇಲೆ ತಿರುವನ್ನು ದಾಟುತ್ತದೆ.

ಭಾರವಾದ ಗಾಡಿ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆಂಬ ನಮ್ಮ ಪಡಸಾಲೆಯ ಸಿದ್ಧಾಂತವೂ ಇಲ್ಲಿ ಬಿದ್ದುಹೋಗುತ್ತದೆ. ತೂಕ ಹೆಚ್ಚಿದರೆ ಹಿಡಿತವೇನೋ ಹೆಚ್ಚುತ್ತದೆ. ಆದರೆ ತಿರುಗಿಸಲು ಬೇಕಾದ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಲೆಕ್ಕದಲ್ಲಿ ಎರಡೂ ಕಳೆದುಹೋಗುತ್ತವೆ. ಉಳಿಯುವುದು ಮೂರೇ: ವೇಗ, ತಿರುವಿನ ತ್ರಿಜ್ಯ, ಹಿಡಿತ. 50 ಮೀಟರು ತ್ರಿಜ್ಯದ ತಿರುವನ್ನು ಒಣ ಡಾಮರಿನ ಮೇಲೆ, ಘರ್ಷಣೆಯ ಗುಣಾಂಕ 0.8 ಎಂದು ಹಿಡಿದರೆ, ಗಂಟೆಗೆ ಸುಮಾರು 71 ಕಿಲೋಮೀಟರು ವೇಗದವರೆಗೆ ದಾಟಬಹುದು. ಮಳೆ ಬಿದ್ದು ಗುಣಾಂಕ ಅರ್ಧಕ್ಕಿಳಿದರೆ ಮಿತಿ 50 ಕಿಲೋಮೀಟರು. ಬ್ರೇಕಿನ ಮಾತೂ ಹೀಗೆಯೆ. ಅದೇ ಒಣ ರಸ್ತೆಯಲ್ಲಿ 50ರ ವೇಗದಿಂದ ನಿಲ್ಲಲು 12 ಮೀಟರು ಚಿಲ್ಲರೆ ಸಾಕು. 100ರ ವೇಗದಿಂದ ನಿಲ್ಲಲು 49 ಮೀಟರು ಬೇಕು. ವೇಗ ಇಮ್ಮಡಿಯಾದರೆ ಬೆಲೆ ನಾಲ್ಮಡಿಯಾಗುತ್ತದೆ. ಚಾಲಕ ಬೆಚ್ಚಿ ಕಾಲನ್ನು ಬ್ರೇಕಿಗೆ ತರುವಷ್ಟರಲ್ಲಿ ಗಾಡಿ ಓಡಿದ ದೂರ ಇದರಲ್ಲಿ ಸೇರಿಲ್ಲ. ಯಾವ ಕಂಪನಿಯ ಹೆಸರಿಗೂ ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ.

ಈಗ ಜೆಂಕಿನ್ಸನ್. ಗಡ್ಡ ಬಿಟ್ಟ ಕುಳ್ಳ ಮನುಷ್ಯ. ‘ಮೋಟಾರ್ ಸ್ಪೋರ್ಟ್’ ಪತ್ರಿಕೆಗೆ ಯೂರೋಪಿನ ಪಂದ್ಯಗಳ ವರದಿಗಾರ. 1949ರಲ್ಲಿ ಎರಿಕ್ ಆಲಿವರನ ಸೈಡ್‌ಕಾರಿನಲ್ಲಿ ಕುಳಿತು ವಿಶ್ವ ಪದವಿಯನ್ನು ಗೆದ್ದವನು. 1955ರ ಮೇ 1ರಂದು ಸ್ಟರ್ಲಿಂಗ್ ಮಾಸ್ ಇಟಲಿಯ ಮಿಲ್ಲೆ ಮಿಗ್ಲಿಯಾ ಪಂದ್ಯದಲ್ಲಿ ಮರ್ಸಿಡಿಸ್ 300 ಎಸ್‌ಎಲ್‌ಆರ್ ಗಾಡಿಯನ್ನು ಓಡಿಸಿದಾಗ ಪಕ್ಕದ ಆಸನದಲ್ಲಿದ್ದವನು ಈ ಪತ್ರಕರ್ತನೆ. ಬ್ರೆಷಿಯಾದಿಂದ ರೋಮಿಗೆ ಹೋಗಿ ಹಿಂದಿರುಗುವ ಸಾವಿರ ಮೈಲಿಯ ದಾರಿ. ಎಲ್ಲವೂ ಸಾಮಾನ್ಯ ರಸ್ತೆ. ಅದನ್ನು ಅವರು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ, ಗಂಟೆಗೆ ಸರಾಸರಿ 157 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಮುಗಿಸಿ ಗೆದ್ದರು. ಆ ಓಟದ ವೃತ್ತಾಂತವನ್ನು ಜೆಂಕಿನ್ಸನ್ ಜೂನ್ ತಿಂಗಳ ‘ಮೋಟಾರ್ ಸ್ಪೋರ್ಟ್’ನಲ್ಲಿ ಬರೆದ. ಮೋಟಾರು ಬರವಣಿಗೆಯಲ್ಲಿ ಅದಕ್ಕೆ ಸಮನಾದುದನ್ನು ನಾನು ಓದಿಲ್ಲ.

ಅದರ ಹಿರಿಮೆ ಎಲ್ಲಿದೆ? ಸಾಹಸದಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಭಾಷೆಯಲ್ಲಿದೆಯೆಂದು ತೋರುತ್ತದೆ. ಪಂದ್ಯಕ್ಕೆ ಮೊದಲು ಇಬ್ಬರೂ ದಾರಿಯನ್ನು ಮತ್ತೆ ಮತ್ತೆ ಸುತ್ತಿ, ಯಾವ ತಿರುವು ಅಪಾಯದ್ದು, ಯಾವ ದಿಬ್ಬದ ಆಚೆ ರಸ್ತೆ ನೇರವಾಗಿದೆ ಎಂದು ಗುರುತು ಹಾಕಿಕೊಂಡರು. ಆ ಟಿಪ್ಪಣಿಗಳನ್ನು ಸುಮಾರು 18 ಅಡಿ ಉದ್ದದ ಕಾಗದದ ಸುರುಳಿಯಲ್ಲಿ ಬರೆದು, ಕಿಟಕಿಯಿದ್ದ ಒಂದು ಪೆಟ್ಟಿಗೆಯೊಳಗೆ ಅದನ್ನು ಸುತ್ತಿಟ್ಟರು. ಮಾಸ್ ಪೂರ್ಣ ಏಕಾಗ್ರತೆಯಲ್ಲಿದ್ದಾಗ ಮಾತು ಅವನ ಮನಸ್ಸಿಗೆ ತಲುಪುವುದಿಲ್ಲವೆಂದು ಅಭ್ಯಾಸದಲ್ಲಿ ಗೊತ್ತಾದ್ದರಿಂದ ಎಲ್ಲವನ್ನೂ ಕೈಸನ್ನೆಗೆ ಇಳಿಸಿದರು. ಗಂಟೆಗೆ 270 ಕಿಲೋಮೀಟರು ಎಂದರೆ ಸೆಕೆಂಡಿಗೆ 75 ಮೀಟರು. ಆಚೆ ಏನಿದೆಯೆಂದು ಕಾಣದ ದಿಬ್ಬದ ಮೇಲೆ ಕಾಲು ಸಡಿಲಿಸದೆ ಗಾಡಿಯನ್ನು ನುಗ್ಗಿಸುವುದಕ್ಕೆ ಮಾಸನಿಗೆ ಇದ್ದ ಆಧಾರ, ಪಕ್ಕದವನು ಬರೆದುಕೊಂಡ ನಾಲ್ಕು ಅಕ್ಷರ. ಲೇಖಕನ ಮಾತು ಸುಳ್ಳಾದರೆ ಇಬ್ಬರೂ ಸಾಯುತ್ತಾರೆ. ಶಬ್ದಕ್ಕೂ ಅರ್ಥಕ್ಕೂ ಇಷ್ಟು ಕಟ್ಟುನಿಟ್ಟಾದ ಸಂಬಂಧವನ್ನು ಬೇರೆ ಯಾವ ಸಾಹಿತ್ಯ ಪ್ರಕಾರ ಕೇಳೀತು?

ಈ ಶಿಸ್ತು ವೃತ್ತಾಂತದ ಗದ್ಯಕ್ಕೂ ಇಳಿದಿದೆ. ಹೊಟ್ಟೆ ತೊಳಸಿ ಗಾಡಿಯ ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡದ್ದು, ಆಗ ಗಾಳಿ ಕನ್ನಡಕವನ್ನು ಕಿತ್ತುಕೊಂಡು ಹೋದದ್ದು, ಜೇಬಿನಲ್ಲಿದ್ದ ಇನ್ನೊಂದು ಜೊತೆಯನ್ನು ಹಾಕಿಕೊಂಡದ್ದು, ಎಲ್ಲವೂ ಎಂಜಿನ್ನಿನ ಸುತ್ತುಗಳ ಲೆಕ್ಕದ ಪಕ್ಕದಲ್ಲಿ ಅದೇ ದನಿಯಲ್ಲಿ ಬರುತ್ತವೆ. ವೀರರಸವನ್ನು ಬಡಿದೆಬ್ಬಿಸುವ ಯತ್ನವೇ ಇಲ್ಲ. ರಸ ತಾನಾಗಿ ಒದಗುತ್ತದೆ.

ಮೂರು ವರ್ಷದ ತರುವಾಯ ಬಂದ ‘ದಿ ರೇಸಿಂಗ್ ಡ್ರೈವರ್’ ಈ ಅನುಭವದ ಶಾಸ್ತ್ರಗ್ರಂಥ. ಕಣ್ಣು, ಪ್ರತಿಕ್ರಿಯೆ, ವಿವೇಚನೆ, ಚಕ್ರದ ಜಾರುವಿಕೆ ಇವೆಲ್ಲವನ್ನೂ ಅದು ಬಿಡಿಸಿ ನೋಡುತ್ತದೆ. ಚಾಲಕ ತನ್ನ ಸಾಮರ್ಥ್ಯದಲ್ಲಿ ಹತ್ತಕ್ಕೆ ಎಷ್ಟು ಪಾಲನ್ನು ಬಳಸುತ್ತಿದ್ದಾನೆಂಬ ಅಳತೆಯೊಂದನ್ನು ಜೆಂಕಿನ್ಸನ್ ಅಲ್ಲಿ ಕೊಟ್ಟಿದ್ದಾನೆ. ಹತ್ತರಲ್ಲಿ ಹತ್ತು ಎಂದರೆ ಮಿತಿಯ ಗೆರೆಯ ಮೇಲೇ ನಡೆಯುವುದು. ಅದಕ್ಕೆ ಏರುವವರು ವಿರಳ. ಮೋಟಾರು ಪ್ರೇಮಿಗಳ ಮಾತಿನಲ್ಲಿ ಈ ಅಳತೆ ಈಗ ಗಾದೆಯಾಗಿಬಿಟ್ಟಿದೆ. ವಿಶೇಷಣಗಳ ಕಾಡಿನಲ್ಲಿ ಒಂದು ಅಳತೆಗೋಲನ್ನು ನೆಟ್ಟದ್ದು ಸಾಮಾನ್ಯ ಸಾಧನೆಯಲ್ಲ. ಪುಸ್ತಕದ ಮಿತಿಯೂ ಅದರ ಹೆಸರಿನಲ್ಲೇ ಇದೆ. ಅದರ ನಾಯಕ ಪಂದ್ಯದ ಚಾಲಕ. ಗಾಡಿ ಜಾರಿದರೆ ಹಿಡಿದು ನಿಲ್ಲಿಸುವ ಕೈಯೊಂದು ಅಲ್ಲಿದೆಯೆಂದು ಇಟ್ಟುಕೊಂಡೇ ಅದರ ತರ್ಕವೆಲ್ಲ ಸಾಗುತ್ತದೆ. ಅಂಥ ಕೈಗಳಿದ್ದೂ ಏನಾಗಬಹುದೆಂಬುದನ್ನು ಕಾಲವೇ ತೋರಿಸಿತು. ಮಾಸ್ ಗೆದ್ದ ಆರು ವಾರಕ್ಕೆ, 1955ರ ಜೂನ್ 11ರಂದು, ಅದೇ ಮಾದರಿಯ ಮರ್ಸಿಡಿಸ್ ಲೆ ಮಾನ್ಸ್‌ನಲ್ಲಿ ಜನರ ಮೇಲೆ ಬಿದ್ದು ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. 1957ರಲ್ಲಿ ಫೆರಾರಿಯೊಂದು ಪ್ರೇಕ್ಷಕರ ನಡುವೆ ನುಗ್ಗಿದ ಮೇಲೆ ಮಿಲ್ಲೆ ಮಿಗ್ಲಿಯಾ ವೇಗದ ಪಂದ್ಯವಾಗಿ ನಡೆಯುವುದು ನಿಂತಿತು.

ಜೆಂಕಿನ್ಸನ್ನನಿಂದ ನೇಡರನ ಕಡೆಗೆ ದಾಟಲು ಒಂದು ಸೇತುವೆಯಿದೆ: ಹಿಂದಿನ ಅಚ್ಚು. ನಮ್ಮ ಎತ್ತಿನ ಗಾಡಿಯಲ್ಲಿ ಎರಡು ಚಕ್ರಗಳೂ ಒಂದೇ ಅಚ್ಚಿನ ತುದಿಗಳಲ್ಲಿರುತ್ತವೆ. ಅಂಬಾಸಡರಿನ ಹಿಂಭಾಗದಲ್ಲಿಯೂ ಅಂಥ ಇಡಿಯ ಅಚ್ಚೇ ಇತ್ತು. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೂ ಅದರ ಏಟು. ಇದನ್ನು ತಪ್ಪಿಸಲು ಅಚ್ಚನ್ನು ನಡುವೆ ಕಡಿದು, ಎರಡು ತುಂಡುಗಳನ್ನೂ ಬಾಗಿಲಿನಂತೆ ಕೀಲಿಗೆ ಸಿಕ್ಕಿಸುವ ಉಪಾಯವೊಂದು ಹುಟ್ಟಿತು. ಅದೇ ಸ್ವಿಂಗ್ ಆಕ್ಸಲ್. ಚಕ್ರಗಳು ತಮ್ಮ ಪಾಡಿಗೆ ಏರಿಳಿಯುತ್ತವೆ, ಸವಾರಿ ಹಾಯೆನಿಸುತ್ತದೆ. ಆದರೆ ಕೀಲಿಗೆ ಸಿಕ್ಕಿದ ತುಂಡು ಏರಿಳಿದಂತೆಲ್ಲ ಚಕ್ರದ ಓಟವೂ ವಾಲುತ್ತದೆ. ವೇಗವಾಗಿ ತಿರುಗುವಾಗ ಗಾಡಿಯ ಹಿಂಭಾಗ ಮೇಲೆದ್ದರೆ ಹೊರಗಿನ ಚಕ್ರ ಒಡಲಿನ ಅಡಿಗೆ ಮಡಚಿಕೊಂಡು ಟೈರು ಅಂಚಿನ ಮೇಲೆ ನಿಲ್ಲುತ್ತದೆ. ಅಂಗೈಯಗಲದ ತೇಪೆ ಎರಡು ಬೆರಳಿನ ಅಗಲಕ್ಕಿಳಿಯುತ್ತದೆ. ಹಿಂಭಾಗ ಜಾರಿ ಗಾಡಿ ಗಿರಕಿ ಹೊಡೆಯುತ್ತದೆ, ಕೆಲವೊಮ್ಮೆ ಮಗುಚುತ್ತದೆ. ಮೋಟಾರು ಪ್ರೇಮಿಗಳು ‘ಓವರ್‌ಸ್ಟಿಯರ್’ ಎನ್ನುವ ಗುಣದ ಅತ್ಯಂತ ಕೆಟ್ಟ ರೂಪ ಇದು.

ಮಾಸ್ ಓಡಿಸಿದ ಮರ್ಸಿಡಿಸ್ಸಿನಲ್ಲಿಯೂ ಸ್ವಿಂಗ್ ಆಕ್ಸಲೇ ಇತ್ತು. ಅಲ್ಲಿನ ಎಂಜಿನಿಯರುಗಳು ಕೀಲನ್ನು ಬಹಳ ಕೆಳಕ್ಕಿಳಿಸಿ ಈ ದೋಷವನ್ನು ಪಳಗಿಸಿದ್ದರು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟಾಂಡರ್ಡ್ ಹೆರಾಲ್ಡಿನ ಹಿಂದೆಯೂ ಇದೇ ಬಗೆಯ ಜೋಡಣೆಯಿತ್ತು. 1972ರಲ್ಲಿ ಬಂದ ಗ್ಯಾಜೆಲ್‌ನಲ್ಲಿ ಕಂಪನಿ ಇಡಿಯ ಅಚ್ಚಿಗೇ ಹಿಂದಿರುಗಿತು. ಅಮೆರಿಕದ ಜನರಲ್ ಮೋಟಾರ್ಸ್ 1960ರ ಮಾದರಿಯಾಗಿ ಹೊರತಂದ ಷೆವರ್ಲೆ ಕಾರ್‌ವೇರ್‌ನಲ್ಲಿಯೂ ಇದ್ದದ್ದು ಅದೆ. ಅಲ್ಲಿ ಎಂಜಿನ್ ಕೂಡ ಹಿಂಭಾಗದಲ್ಲಿತ್ತು. ಗಾಡಿಯ ತೂಕದ ಹೆಚ್ಚಿನ ಪಾಲನ್ನು, ಹಿಡಿತ ಕಳೆದುಕೊಳ್ಳಬಹುದಾದ ಆ ಎರಡು ಚಕ್ರಗಳೇ ಹೊರಬೇಕಾಗಿತ್ತು. ನೇಡರನ ಪುಸ್ತಕದ ಮೊದಲನೆಯ ಅಧ್ಯಾಯ ಈ ಗಾಡಿಯ ಮೇಲಿನ ದೋಷಾರೋಪ ಪಟ್ಟಿ.

ಅವನ ವಾದದ ತಿರುಳೆಲ್ಲ ಒಂದು ಸಣ್ಣ ವಿವರದಲ್ಲಿದೆ. ಕಾರ್‌ವೇರ್ ಸರಿಯಾಗಿ ನಡೆಯಬೇಕಾದರೆ ಮುಂದಿನ ಟೈರುಗಳಲ್ಲಿ 15 ಪೌಂಡು, ಹಿಂದಿನವುಗಳಲ್ಲಿ 26 ಪೌಂಡು ಗಾಳಿಯಿರಬೇಕೆಂದು ಕಂಪನಿ ಹೇಳಿತ್ತು. ಅಂದರೆ ಗಾಡಿಯ ಸ್ವಭಾವದ ಕೊರತೆಯನ್ನು ತುಂಬುವ ಹೊಣೆ, ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಯುವ ಹುಡುಗನ ಮೇಲೂ ಅವನಿಗೆ ಹೇಳಲು ಮರೆತ ಮಾಲೀಕನ ಮೇಲೂ ಬಿದ್ದಿತ್ತು. ನಾಲ್ಕು ಚಕ್ರಕ್ಕೂ ಒಂದೇ ಸಮ ಗಾಳಿ ತುಂಬಿಸುವುದು ಲೋಕದ ರೂಢಿ. ಆ ರೂಢಿಯೇ ಅಪಾಯವಾಗುವಂಥ ಗಾಡಿಯನ್ನು ಗೃಹಸ್ಥರಿಗೆ ಮಾರಬಹುದೆ ಎಂದು ನೇಡರ್ ಕೇಳುತ್ತಾನೆ. ಕಂಪನಿ ದೋಷವನ್ನು ಕ್ರಮೇಣ ತಿದ್ದಿಕೊಂಡದ್ದುಂಟು. 1964ರ ಮಾದರಿಯಲ್ಲಿ ಹೊರಳಾಟವನ್ನು ತಡೆಯುವ ಸರಳನ್ನೂ ಹಿಂದೆ ಅಡ್ಡ ಸ್ಪ್ರಿಂಗನ್ನೂ ಸೇರಿಸಿದರು. 1965ರ ಮಾದರಿಯಲ್ಲಿ ಸ್ವಿಂಗ್ ಆಕ್ಸಲನ್ನೇ ಕೈಬಿಟ್ಟರು. ಆ ಸಂಸ್ಥೆಯಲ್ಲಿ ಮೇಲಿನ ಹುದ್ದೆಯಲ್ಲಿದ್ದ ಜಾನ್ ಡಿಲೋರಿಯನ್ನನ ನೆನಪುಗಳ ಪುಸ್ತಕ 1979ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಳಗಿನ ಎಂಜಿನಿಯರುಗಳು ಮೊದಲೇ ಎಚ್ಚರಿಸಿದ್ದರು. 1964ರ ತಿದ್ದುಪಡಿಗೆ ಕಾರೊಂದಕ್ಕೆ ತಗಲಬಹುದಾಗಿದ್ದ ವೆಚ್ಚ ಸುಮಾರು 15 ಡಾಲರು.

ಸಾಹಿತ್ಯವಾಗಿ ನೋಡಿದರೆ ನೇಡರನದು ಜೆಂಕಿನ್ಸನ್ನನಿಗಿಂತ ಕೆಳಗಿನ ಬರೆಹ. ಓದುಗನನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂಡಿಸಿ, ಸಾಕ್ಷ್ಯದ ಮೇಲೆ ಸಾಕ್ಷ್ಯ ಹೇರುತ್ತಾನೆ. ಎದುರು ಪಕ್ಷಕ್ಕೆ ಅನುಕೂಲವಾದ ಮಾತನ್ನು ಮೆಲ್ಲಗೆ ಹೇಳಿ, ತನ್ನದನ್ನು ಏರುದನಿಯಲ್ಲಿ ಹೇಳುತ್ತಾನೆ. ಕಂಪನಿಯ ಮೇಲೆ ಆಗಲೇ ನೂರಕ್ಕೂ ಹೆಚ್ಚು ದಾವೆಗಳಿದ್ದವು. ಅಧ್ಯಾಯದ ಬೆನ್ನೆಲುಬು ಆ ದಾವೆಗಳ ಕಡತ, ಗದ್ಯಕ್ಕೂ ಕಡತದ ವಾಸನೆಯಿದೆ. ತಾನು ವರ್ಣಿಸುವ ಜಾರುವಿಕೆಯನ್ನು ಸ್ಟಿಯರಿಂಗ್ ಹಿಡಿದ ಕೈಯಿಂದ ತಿಳಿದವನ ಬರವಣಿಗೆ ಇದಲ್ಲವೆಂಬುದು ಪುಟಪುಟದಲ್ಲೂ ಗೊತ್ತಾಗುತ್ತದೆ. ಮೋಟಾರು ಪ್ರೇಮಿಗಳಿಗೆ ಅವನ ಮೇಲಿರುವ ಸಿಟ್ಟಿಗೆ ಇದೊಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಬಲವಾದದ್ದು. ಅಮೆರಿಕದ ಸಂಚಾರ ಸುರಕ್ಷತಾ ಇಲಾಖೆ 1963ರ ಕಾರ್‌ವೇರನ್ನು ಆ ಕಾಲದ ಬೇರೆ ಗಾಡಿಗಳ ಜೊತೆಯಲ್ಲಿ ಪರೀಕ್ಷಿಸಿ 1972ರಲ್ಲಿ ವರದಿ ಕೊಟ್ಟಿತು. ಹತೋಟಿ ತಪ್ಪುವ ಅಥವಾ ಮಗುಚುವ ಸಂಭವ ಇದರಲ್ಲಿ ಅಸಾಮಾನ್ಯವಾಗಿಲ್ಲ, ಓಟದ ಗುಣದಲ್ಲಿ ಇದು ಸಮಕಾಲೀನ ಗಾಡಿಗಳಿಗೆ ಸಾಟಿಯಾಗಿದೆ ಎಂಬುದು ವರದಿಯ ತೀರ್ಮಾನ. 1969ರಲ್ಲೇ ತಯಾರಿಕೆ ನಿಂತುಹೋಗಿದ್ದ ಗಾಡಿಗೆ ಈ ಖುಲಾಸೆಯಿಂದ ಪ್ರಯೋಜನವಾಗಲಿಲ್ಲ. ಅದರ ಅಭಿಮಾನಿಗಳಿಗೆ ಮಾತ್ರ ಅದು ಶಾಸನವಾಯಿತು.

ಹಾಗಾದರೆ ಗೆದ್ದವರು ಯಾರು? ಈ ವಾದ ಕೊನೆಗಾಣದಿರುವುದಕ್ಕೆ ಎರಡು ಪಕ್ಷಗಳೂ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿರುವುದೇ ಕಾರಣವೆಂದು ನನ್ನ ಮತ. ಬಲ್ಲವನ ಕೈಯಲ್ಲಿ ಈ ಗಾಡಿ ಏನು ಮಾಡೀತು ಎಂಬುದು ಜೆಂಕಿನ್ಸನ್ನನ ಪ್ರಶ್ನೆ. ಅರಿಯದವನ ಕೈಯಲ್ಲಿ, ದಣಿದ ಸಂಜೆ, ಮಳೆ ಹನಿದ ರಸ್ತೆಯಲ್ಲಿ, ಹಿಂದೆ ಮಕ್ಕಳು ಗಲಾಟೆ ಮಾಡುತ್ತಿರುವಾಗ ಇದೇ ಗಾಡಿ ಏನು ಮಾಡೀತು ಎಂಬುದು ನೇಡರನದು. ಭೌತಶಾಸ್ತ್ರ ಎರಡಕ್ಕೂ ಒಂದೇ. 1972ರ ವರದಿ ಕಾರ್‌ವೇರನ್ನು ಅದರ ಓರಗೆಯ ಗಾಡಿಗಳಿಗೆ ಹೋಲಿಸಿತು. ಓರಗೆಯವರೆಲ್ಲ ಹಾಗೆಯೇ ಇದ್ದರೆಂಬುದು ಒಬ್ಬನ ಮೇಲಿನ ಆರೋಪವನ್ನು ಹಗುರಮಾಡುತ್ತದೆ, ನಿಜ; ಆದರೆ ಅದು ಓರಗೆಯವರೆಲ್ಲರ ಮೇಲೂ ಪ್ರಶ್ನೆಯನ್ನು ಹೊರಿಸುವುದಿಲ್ಲವೆ? ಒಂದು ಗಾಡಿಯನ್ನು ಹೆಸರಿಸಿ ಹೀಗಳೆದಾಗ ನೇಡರ್ ಅತಿಗೆ ಹೋದ. ಅವನ ಪ್ರಶ್ನೆ ಮಾತ್ರ ಆ ಅತಿಯಿಂದ ಕೆಡಲಿಲ್ಲ.

ವಾಸ್ತವವಾಗಿ ಪುಸ್ತಕದ ಉತ್ತಮ ಭಾಗ ಕಾರ್‌ವೇರ್ ಅಧ್ಯಾಯವಲ್ಲ. ಎಂಟು ಅಧ್ಯಾಯಗಳಲ್ಲಿ ಮೊದಲನೆಯದನ್ನು ಮಾತ್ರ ಓದಿ ಜಗಳವಾಡುವವರು ಮೂರನೆಯದನ್ನು ಓದಿದ್ದರೆ ಚೆನ್ನಾಗಿತ್ತು. ಅದು ‘ಎರಡನೆಯ ಡಿಕ್ಕಿ’ಯನ್ನು ಕುರಿತದ್ದು. ಗಾಡಿ ಮರಕ್ಕೆ ಬಡಿದು ನಿಲ್ಲುತ್ತದೆ. ಅದು ಮೊದಲನೆಯ ಡಿಕ್ಕಿ. ಒಳಗಿನ ದೇಹ ನ್ಯೂಟನ್ನನ ಮಾತಿಗೆ ವಿಧೇಯವಾಗಿ ಅದೇ ವೇಗದಲ್ಲಿ ಮುಂದುವರಿದು ಸ್ಟಿಯರಿಂಗಿಗೋ ಗಾಜಿಗೋ ಬಡಿಯುತ್ತದೆ. ಕೊಲ್ಲುವುದು ಈ ಎರಡನೆಯ ಡಿಕ್ಕಿ. ಈ ವಿಚಾರಕ್ಕೆ ಬುನಾದಿ ಹಾಕಿದವರಲ್ಲಿ ಹ್ಯೂ ಡಿ ಹೇವನ್ ಮುಖ್ಯನಾದವನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಅಪಘಾತವೊಂದರಲ್ಲಿ ಬದುಕಿ ಉಳಿದ ಆತ, 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಸಾಯದ ಜನರನ್ನು ಕುರಿತು 1942ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ. ದೇಹ ನಿಲ್ಲಲು ಕೆಲವು ಅಂಗುಲಗಳ ಅವಕಾಶ ಸಿಕ್ಕಿ, ಏಟು ಅಗಲವಾಗಿ ಹಂಚಿಹೋದರೆ, ಮನುಷ್ಯ ನಾವೆಣಿಸಿದ್ದಕ್ಕಿಂತ ಹೆಚ್ಚು ತಾಳಬಲ್ಲನೆಂಬುದು ಅದರ ಸಾರ. ಸೀಟ್ ಬೆಲ್ಟು ಮಾಡುವ ಕೆಲಸ ಇಷ್ಟೆ: ನಿಲ್ಲುವುದಕ್ಕೆ ಸ್ವಲ್ಪ ದೂರವನ್ನೂ ಸ್ವಲ್ಪ ಕಾಲವನ್ನೂ ಸಂಪಾದಿಸಿಕೊಡುವುದು. ಈ ಅಧ್ಯಾಯದಲ್ಲಿ ನೇಡರನ ವಕೀಲಿ ದನಿ ತಗ್ಗಿ ಶಾಸ್ತ್ರದ ದನಿ ಕೇಳಿಸುತ್ತದೆ.

ಪುಸ್ತಕದ ಪರಿಣಾಮ ಎಲ್ಲರಿಗೂ ತಿಳಿದದ್ದು. ಕಂಪನಿ ಲೇಖಕನ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಅದು ಬಯಲಾಗಿ 1966ರ ಮಾರ್ಚಿನಲ್ಲಿ ಅದರ ಅಧ್ಯಕ್ಷ ಸೆನೆಟ್ಟಿನ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ಸೆಪ್ಟೆಂಬರಿನಲ್ಲಿ ಮೋಟಾರು ವಾಹನಗಳ ಸುರಕ್ಷತೆಯ ಶಾಸನ ಅಮೆರಿಕದಲ್ಲಿ ಜಾರಿಗೆ ಬಂತು. ಮಧ್ಯಮ ದರ್ಜೆಯ ಗದ್ಯದಲ್ಲಿ ಬರೆದ ಪುಸ್ತಕವೊಂದು ಇಷ್ಟನ್ನು ಮಾಡಿತೆಂಬುದು ನಮ್ಮಂಥ ಶೈಲಿಪ್ರಿಯರಿಗೆ ಕೊಂಚ ಮುಜುಗರದ ಸಂಗತಿಯೆ.

ಆದರೂ ಜೆಂಕಿನ್ಸನ್ನನನ್ನು ಬಿಟ್ಟು ನೇಡರನನ್ನು ಮಾತ್ರ ಓದಿರೆಂದು ನಾನು ಹೇಳಲಾರೆ. ಗಾಡಿಯನ್ನು ಪ್ರೀತಿಸದವನು ಬರೆದ ವಿಮರ್ಶೆ ಒಣಗುತ್ತದೆ. ಗಾಡಿಯನ್ನು ಮಾತ್ರ ಪ್ರೀತಿಸುವವನು ಬರೆದದ್ದು ಒಳಗೆ ಕುಳಿತವರನ್ನು ಮರೆಯುತ್ತದೆ. ಜೆಂಕಿನ್ಸನ್ನನ ನಿಖರತೆ, ನೇಡರನ ಕಾಳಜಿ ಎರಡೂ ಒಬ್ಬನ ಲೇಖನಿಯಲ್ಲಿ ಕೂಡಿದ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಅದು ಕನ್ನಡದಲ್ಲಿ ಏಕೆ ಬರಬಾರದು? ಜಡತ್ವ, ಘರ್ಷಣೆ, ವೇಗೋತ್ಕರ್ಷ ಎಂಬ ಮಾತುಗಳನ್ನು ನಮ್ಮ ಶಾಲೆಯ ಮಕ್ಕಳು ಪರೀಕ್ಷೆಗೆಂದು ಕಂಠಪಾಠ ಮಾಡುತ್ತಾರೆ; ಅದೇ ಸಂಜೆ ತಂದೆಯ ಸ್ಕೂಟರಿನ ಹಿಂದೆ ಕುಳಿತು ಆ ಮಾತುಗಳ ಅರ್ಥದೊಳಗೇ ಓಡಾಡುತ್ತಾರೆ. ಎರಡಕ್ಕೂ ನಂಟಿದೆಯೆಂದು ಹೇಳುವ ಗದ್ಯ ನಮ್ಮಲ್ಲಿ ಇನ್ನೂ ಸಾಲದು. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಯಾವ ಗಾಡಿ ಹೆಚ್ಚು ಎಂಬ ಪಡಸಾಲೆಯ ವಾದ ಮುಂದೆಯೂ ನಡೆಯಲಿ. ಅದರ ಸೊಗಸು ನನಗೂ ಬೇಕು. ಯಾರ ಕೈಯಲ್ಲಿ, ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ ಎಂಬ ಮೂರು ಮಾತನ್ನೂ ವಾದಿಸುವವರು ಅದಕ್ಕೆ ಸೇರಿಸಿಕೊಳ್ಳಲಿ.